ಕಾರಿನೊಳಗಿನ ನಂದಾದೀಪ

"ಗುರುಗಳೇ, ರಾತ್ರಿಯೆಲ್ಲ ಕೂತು ಜಪ ಮಾಡುತ್ತೇನೆ. ಬೆಳಿಗ್ಗೆ ಅಮ್ಮ ಕೂಗಿದರೆ ಮೈ ಏಳುವುದಿಲ್ಲ, ಅವಳ ಮೇಲೆ ಸಿಡುಕುತ್ತೇನೆ. ಜಪ ಇನ್ನೂ ಹೆಚ್ಚಿಸಬೇಕೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ, ದೈವಭಕ್ತ. ಅವನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಆಸ್ಪತ್ರೆ ದೂರ. ನೋವು ಬಂದ ಗಳಿಗೆಯಲ್ಲೇ ಹೊರಡಬೇಕೆಂದು ವ್ಯಾಪಾರಿ ಕಾರನ್ನು ಎಲ್ಲಿಗೂ ಒಯ್ಯದೆ ಮನೆ ಮುಂದೆ ನಿಲ್ಲಿಸಿಕೊಂಡ. ಒಳಗೆ ದೇವರ ಪಟವಿಟ್ಟು, ಅದರೆದುರು ಒಂದು ಬಲ್ಬು ಹಾಕಿಸಿದ. ನಂದಾದೀಪವಲ್ಲವೇ, ಕೀಲಿ ತೆಗೆದರೂ ಆರಬಾರದೆಂದು ನೇರ ಬ್ಯಾಟರಿಯಿಂದಲೇ ತಂತಿ ಎಳೆಸಿದ.

ಒಂದು ಬೆಳಿಗ್ಗೆ ಕೀಲಿ ತಿರುಗಿಸಿ ನೋಡಿದರೆ ಕಾರು ನರಳಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲ್ ಇತ್ತು. ದೃಷ್ಟಿ ತಾಗಿರಬೇಕೆಂದು ನಿಂಬೆಹಣ್ಣು ಕಟ್ಟಿದ. ಅಕ್ಕಪಕ್ಕದವರು ತಳ್ಳಿಕೊಟ್ಟ ಮೇಲೆ ಸ್ಟಾರ್ಟ್ ಆಯಿತು. ಮರುದಿನವೂ ಅದೇ ಕತೆ. ಸೇವೆಯಲ್ಲೇ ಏನೋ ಲೋಪವಾಯಿತೆಂದು ಅಳುಕಿ ಅವನು ಇನ್ನೊಂದು ಬಲ್ಬು ಸೇರಿಸಿದ. ಅದರ ಮರುದಿನ ಕಾರು ನರಳಲೂ ಇಲ್ಲ.

ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನನ್ನನ್ನೂ ಆಸ್ಪತ್ರೆಗೆ ತಳ್ಳಿಸಿಕೊಂಡೇ ಹೋಗ್ತೀಯೇನಪ್ಪಾ?" ಅಂದಳು. ಆಮೇಲೆ ಹತ್ತಿರ ಬಂದು ಒಳಗೆ ಬಗ್ಗಿ ನೋಡಿದಳು. "ನಿನ್ನೆ ಸಂಜೆ ಈ ದೀಪ ಚೆನ್ನಾಗಿ ಉರೀತಿತ್ತು. ಈಗ ಕೆಂಡದ ಹಾಗೆ ಮಂಕಾಗಿದೆ."

"ದೇವರ ದೀಪ ಆರಿಸಬಾರದಮ್ಮಾ."

"ಆರಿಸು ಅಂತ ನಾನೆಲ್ಲಿ ಅಂದೆ? ರಾತ್ರಿಯೆಲ್ಲ ಇದಕ್ಕೆ ಎಣ್ಣೆ ಹಾಕೋರು ಯಾರು ಅಂತ ಕೇಳ್ತಿದ್ದೀನಿ."

ವ್ಯಾಪಾರಿ ಕೀಲಿ ಹಿಡಿದುಕೊಂಡೇ ಕೂತ. ಮನೆಯ ದೀಪಕ್ಕಾದರೆ ದಿನಾ ತಾನೇ ಎಣ್ಣೆ ಎರೆಯುತ್ತಿದ್ದ. ಈ ದೀಪದ ಎಣ್ಣೆ ಯಾವುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಬೆಳಿಗ್ಗೆ ಕಾರನ್ನು ಎಬ್ಬಿಸಬೇಕಾದ ಬ್ಯಾಟರಿಯ ಕಸುವನ್ನು ಅದು ರಾತ್ರಿಯೇ ಕುಡಿದು ಮುಗಿಸುತ್ತಿತ್ತು. ಅವನು ಪಟಕ್ಕೆ ಕೈಮುಗಿದ, ತಪ್ಪಾಯಿತೆಂದ, ತಂತಿ ಬಿಚ್ಚಿದ. ಬ್ಯಾಟರಿಯನ್ನು ಚಾರ್ಜಿಗೆ ಹಾಕಿಸಿ ತಂದ.

ಅದೇ ವಾರ ಒಂದು ನಸುಕಿನಲ್ಲಿ ಮಗಳಿಗೆ ನೋವು ಬಂತು. ಕೀಲಿ ತಿರುಗಿಸಿದ ಕೂಡಲೇ ಕಾರು ಹೊರಟಿತು. ಪಟದ ಮುಂದೆ ಕತ್ತಲೆಯೇ ಇತ್ತು. ಬಿಸಿಲೇರುವ ಹೊತ್ತಿಗೆ ವ್ಯಾಪಾರಿ ಮೊಮ್ಮಗಳನ್ನು ಎತ್ತಿಕೊಂಡಿದ್ದ.

ಗುರುಗಳು ಶಿಷ್ಯನ ಕಡೆ ನೋಡಿ ನಕ್ಕರು.

"ದೀಪ ಆರಿತೆಂದು ದೇವರೇನೂ ಕಾರಿನಿಂದ ಇಳಿದು ಹೋಗಿರಲಿಲ್ಲ."

ಅಂದು ರಾತ್ರಿ ಶಿಷ್ಯ ಜಪಮಾಲೆಯನ್ನು ಬೇಗನೆ ಎತ್ತಿಟ್ಟು ಮಲಗಿದ.