ನೀಲವ್ವ ಸಿಂಹ ನೋಡಲು ಹೋದದ್ದು

ಮುಧೋಳದ ಕಡೆ ಒಂದೂರು. ಆ ಊರಲ್ಲಿ ನೀಲವ್ವ, ಅವಳಿಗೊಬ್ಬನೇ ಮಗ ಬಾಳಪ್ಪ. ಎತ್ತಿನಂಥ ಆಳು, ಮನಸ್ಸು ಬೆಣ್ಣೆ, ತಲೆ ಮಾತ್ರ ಖಾಲಿ ಕೊಡ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವ. ಹಾಲು ಉಕ್ಕುವುದನ್ನು ನೋಡು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತ ಕೂರುವವ.

ನೀಲವ್ವನಿಗೆ ಜೀವನದಲ್ಲಿ ಒಂದೇ ಆಸೆ. ಅವಳು ಸಿಂಹ ನೋಡಿದ್ದೆಲ್ಲ ಕ್ಯಾಲೆಂಡರಿನಲ್ಲಿ, ಅದರ ಬೆನ್ನ ಮೇಲೆ ದೇವಿ. ಬೆನ್ನ ಮೇಲೆ ಯಾರೂ ಇಲ್ಲದ, ತನ್ನ ಪಾಡಿಗೆ ತಾನಿರುವ ಸಿಂಹವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅವಳ ತಮ್ಮ ದುಂಡಪ್ಪ ಆಫ್ರಿಕಾದ ಕೀನ್ಯಾದಲ್ಲಿ ಅಡುಗೆ ಕೆಲಸಕ್ಕಿದ್ದ. "ಮೂರು ದಿನ ಸಫಾರಿ ಮಾಡಿಸ್ತೀನಿ, ಇಬ್ಬರೂ ಬರ್ರಿ ಅಕ್ಕಾ" ಅಂತ ಟಿಕೀಟನ್ನೇ ಕಳಿಸಿಬಿಟ್ಟ.

ಉಳಿಯುವ ಜಾಗ ಗೊತ್ತುಮಾಡಲು ಅವನು ಫೋನು ಮಾಡಿದಾಗ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಕೈತುಂಬ ಹಿಟ್ಟು. "ಬಾಳಪ್ಪಾ, ಮಾವ ಏನ್ ಕೇಳಿದ್ರೂ ಹೂಂ ಅನ್ನು" ಅಂದಳು.

"ಗೋಡಿ ಇರೋ ಲಾಡ್ಜ್ ಬಿಟ್ಟು ಕಾಡಿನಾಗ ಡೇರೆ ಹಾಕಿಸ್ಲೇನು?"

"ಹೂಂ."

"ಬೇಲಿ ಇರೂದಿಲ್ಲ ಮತ್ತ. ಪ್ರಾಣಿ ಮಗ್ಗಲಾಗ ಓಡಾಡ್ತಾವ."

"ಹೂಂ."

ಅಕ್ಕನ ಗುಂಡಿಗೆಗೆ ಬೆರಗಾಗಿ ದುಂಡಪ್ಪ ಡೇರೆಯನ್ನೇ ಗೊತ್ತುಮಾಡಿದ. ಸುದ್ದಿ ತಿಳಿದ ನೀಲವ್ವ ಹಣೆ ಹಣೆ ಬಡಿದುಕೊಂಡಳು. "ಎಲ್ಲಾದಕ್ಕೂ ಹೂಂ ಅಂತಾರೇನೋ ಪೆದ್ದ? ಇನ್ನ ಮ್ಯಾಲೆ ಯಾರು ಏನ್ ಕೇಳಿದ್ರೂ, ಅವ್ವನ್ನ ಕೇಳಿ ಹೇಳ್ತೀನಿ ಅನ್ನು."

"ಆತವ್ವ" ಅಂದ ಬಾಳಪ್ಪ.

ವಿಮಾನ ನಿಲ್ದಾಣಕ್ಕೆ ಬಂದರು. ನೀಲವ್ವ ತಪಾಸಣೆ ಮುಗಿಸಿ ಆಚೆ ಹೋದಳು. ಬಾಳಪ್ಪನ ಸರದಿ ಬಂತು. ಖಾಕಿ ತೊಟ್ಟ ಸಾಹೇಬರು ಕೇಳಿದರು.

"ಹೆಸರೇನ್ರಿ?"

"ಅವ್ವನ್ನ ಕೇಳಿ ಹೇಳ್ತೀನಿ."

"ಸರಿ, ಅವ್ವನ ಹೆಸರೇನು?"

"ಅದನ್ನೂ ಅವ್ವನ್ನೇ ಕೇಳಬೇಕ್ರಿ."

ಸಾಹೇಬರು ಅವನನ್ನು ಪಕ್ಕಕ್ಕೆ ಕೂರಿಸಿದರು. ನೀಲವ್ವ ವಾಪಸು ಬಂದು ಕೈಮುಗಿದು ಬಿಡಿಸಿಕೊಳ್ಳುವಷ್ಟರಲ್ಲಿ ವಿಮಾನ ತಪ್ಪುವುದೊಂದು ಬಾಕಿ. "ಖಾಕಿ ತೊಟ್ಟವರು ಎದುರಿಗೆ ಬಂದು ನಿಂತ್ರ, ಅವರು ಬಾಯಿ ತೆಗಿಯೂದ್ರೊಳಗ ನಿನ್ನ ಹೆಸರು, ಅಪ್ಪನ ಹೆಸರು, ಊರು ಗಟ್ಟಿಯಾಗಿ ಹೇಳಬೇಕು, ತಿಳೀತೇನು?"

"ಆತವ್ವ."

ದುಂಡಪ್ಪನ ಜೊತೆ ಕಾಡು ಸೇರಿದರು. ಮೊದಲ ದಿನ ಜಿರಾಫೆ ಕಂಡವು, ಆನೆ ಕಂಡವು. ಸಿಂಹ ಇಲ್ಲ. ಎರಡನೆಯ ದಿನ ಜೀಪು ಒಂದು ಪೊದೆಯ ಹತ್ತಿರ ನಿಂತಿತು. ಪೊದೆಯ ಆಚೆ ಒಂದು ಬಾಲ ಅಲ್ಲಾಡುತ್ತಿತ್ತು. ನೀಲವ್ವ ಉಸಿರು ಬಿಗಿಹಿಡಿದು ಕತ್ತು ಚಾಚಿದಳು. ಸದ್ದು ಮಾಡಬೇಡಿ ಅಂತ ಸನ್ನೆ ಮಾಡಲು ಕಾಡು ತೋರಿಸುವವನು ತುಟಿಯ ಮೇಲೆ ಬೆರಳಿಟ್ಟು ಬಾಳಪ್ಪನ ಎದುರಿಗೆ ಬಂದು ನಿಂತ. ತೊಟ್ಟಿದ್ದು ಖಾಕಿ.

"ಬಾಳಪ್ಪ! ತಂದಿ ಯಮನಪ್ಪ! ಮುಧೋಳ ತಾಲೂಕು!"

ಬಾಲ ಮಾಯವಾಯಿತು. ನೀಲವ್ವನಿಗೆ ಅಳುವೇ ಬಂತು. "ಇನ್ನೊಂದೇ ದಿನ ಉಳಿದದ್ದು ನನಗ. ಸಿಂಹ ಕಂಡ್ರ ತುಟಿ ಪಿಟಕ್ ಅನ್ನಬ್ಯಾಡ. ಅದು ತಾನಾಗಿ ಹೋಗೂತನಕ ಬಾಯಿ ಮುಚ್ಚಿಕೊಂಡು ಕುಂತಲ್ಲೇ ಕುಂತಿರು."

"ಆತವ್ವ."

ಮೂರನೆಯ ದಿನವೂ ಬೆಳಗೆಲ್ಲ ಅಲೆದರು. ಸಿಂಹದ ಸುಳಿವಿಲ್ಲ. ವಾಪಸು ಹೊರಡುವ ಹೊತ್ತಾಯಿತೆಂದು ದುಂಡಪ್ಪ ಜೀಪು ತರಲು ಹೋದ. ನೀಲವ್ವ ಮುಖ ಸಪ್ಪಗೆ ಮಾಡಿಕೊಂಡು ಡೇರೆಯ ಒಳಗೆ ಸೀರೆ ಮಡಚುತ್ತ ಕೂತಳು. ಬಾಳಪ್ಪ ಹೊರಗೆ ಕುರ್ಚಿಯಲ್ಲಿದ್ದ. ಸ್ವಲ್ಪ ಹೊತ್ತಿಗೆ ಡೇರೆಯ ಬಟ್ಟೆಗೆ ಯಾರೋ ಒರಗಿ ಕೂತಂತೆ ಅದು ಒಳಕ್ಕೆ ಉಬ್ಬಿತು. ಆಮೇಲೆ ಗೊರಕೆ ಶುರುವಾಯಿತು. ಅಂಥ ಗೊರಕೆ ಅವಳ ಮನೆಯಲ್ಲಿ ಒಬ್ಬನದೇ.

"ಹೊರಡೂ ಹೊತ್ತಿನ್ಯಾಗ ನಿದ್ದಿ ಏನೋ ಸೋಮಾರಿ? ಏಳ್ತೀಯೋ ಇಲ್ಲೋ?" ಅಂತ ರೊಟ್ಟಿ ಬಡಿಯುವ ಕೈಯಿಂದ ಆ ಉಬ್ಬಿಗೆ ಎರಡು ಬಿಗಿದಳು.

ಉಬ್ಬು ಎದ್ದಿತು. ಹುಸ್ ಅಂತ ಒಂದು ಉಸಿರು ಬಿಟ್ಟು ಹೊರಟುಹೋಯಿತು.

ನೀಲವ್ವ ಹೊರಗೆ ಬಂದಳು. ಬಾಳಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲೇ ಕೂತಿದ್ದ. ಮೈಯೆಲ್ಲ ಬೆವರು. ನೆಲದ ಮೇಲೆ ರೊಟ್ಟಿಯಗಲದ ಹೆಜ್ಜೆಗಳು. ದೂರದ ಹುಲ್ಲನ್ನೇ ನೋಡುತ್ತಿದ್ದವನು ಆಮೇಲೆ ಮೆಲ್ಲಗೆ ಕೈ ತೆಗೆದ.

"ಈಗ ಹೋತವ್ವ. ಸಿಂಹ ಬಂದಿತ್ತು."

"ಯಾವಾಗೋ?"

"ನೀ ಸೀರಿ ಮಡಚಾಕ ಕುಂತಾಗಿಂದ ಇಲ್ಲೇ ಮಲಗಿತ್ತು."

ನೀಲವ್ವ ಡೇರೆಯ ಬಟ್ಟೆ ನೋಡಿದಳು, ಆಮೇಲೆ ತನ್ನ ಅಂಗೈ ನೋಡಿಕೊಂಡಳು.

ಊರಿಗೆ ಬಂದ ಮೇಲೆ ಓಣಿಯ ಹೆಂಗಸರೆಲ್ಲ ಸುತ್ತ ನೆರೆದರು. "ನೀಲವ್ವಾ, ಸಿಂಹ ನೋಡಿದೇನ?"

"ನೋಡ್ಲಿಲ್ಲವ್ವ" ಅಂದಳು ನೀಲವ್ವ. "ಎರಡು ಗುದ್ದಿ, ಬೈದು ಕಳಿಸಿದೆ."