ಮಾನ್ಯ ಕತ್ತರಿ

ಇದು ನಡೆದದ್ದು 1974ರ ಜನವರಿಯಲ್ಲಿ, ಒಂದು ಸಣ್ಣ ಊರಿನ ವಾರಪತ್ರಿಕೆಯ ಅಚ್ಚುಕೂಟದಲ್ಲಿ. ಮಾಲೀಕ ಚಿದಂಬರಯ್ಯನವರು ಹಿಂದಿನ ದಿನ ಗ್ರಂಥಾಲಯವೊಂದನ್ನು ಉದ್ಘಾಟಿಸಿದ್ದರು. ಅದರ ವರದಿಯ ಕರಡಚ್ಚು ಹಿಡಿದು ಅವರು ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್ ಬಳಿ ಬಂದರು.

“ಏನಯ್ಯಾ ಇದು? ಹಲ್ಲು ಉದುರಿದ ಬಾಯಿ ಕಂಡ ಹಾಗಿದೆ. ಎಲ್ಲಿ ನೋಡಿದರೂ ಸಂದು!”

“ಅಂಕಣ ಕಿರಿದು ಸ್ವಾಮಿ. ಎರಡೂ ಅಂಚು ನೇರವಾಗಬೇಕಾದರೆ ಪದಗಳ ನಡುವೆ ಖಾಲಿ ಮೊಳೆ ಹಾಕಿ ಎಳೆಯಲೇಬೇಕು.”

“ಅಂಚೂ ನೇರ ಇರಬೇಕು, ಸಂದೂ ಕಾಣಬಾರದು. ನನ್ನ ವರದಿಯ ಒಂದು ಪದವೂ ಹೋಗಕೂಡದು. ಸಂಜೆಯೊಳಗೆ ಆಗದಿದ್ದರೆ ನಾಳೆಯಿಂದ ಬರಬೇಡ.”

ಕಂಪೋಸಿಟರ್ ಪ್ರತಿ ಸಂದನ್ನೂ ಅಳೆದ. ಪದ ತೆಗೆಯಬಾರದು ಎಂದಿದ್ದರು, ಸೇರಿಸಬಾರದು ಎಂದಿರಲಿಲ್ಲ. ಸಣ್ಣ ಸಂದಿಗೆ ‘ಶ್ರೀ’ ಇಟ್ಟ. ಅದಕ್ಕಿಂತ ದೊಡ್ಡದಕ್ಕೆ ‘ಮಾನ್ಯ’. ತೀರಾ ಅಗಲವಾದದ್ದಕ್ಕೆ ‘ಸನ್ಮಾನ್ಯ’. ಅಂಚುಗಳು ಗೋಡೆಯಂತೆ ನೇರವಾದವು.

ಸಂಜೆ ಮಾಲೀಕರು ಗಟ್ಟಿಯಾಗಿ ಓದಿದರು: “ಸನ್ಮಾನ್ಯ ಚಿದಂಬರಯ್ಯನವರು ಮಾನ್ಯ ಕತ್ತರಿಯಿಂದ ಶ್ರೀ ಟೇಪನ್ನು ಕತ್ತರಿಸಿ...”

ಅವರ ಹುಬ್ಬು ಮೇಲೇರಿತು. “ಕತ್ತರಿ ಯಾವಾಗಿನಿಂದ ಮಾನ್ಯ ಆಯಿತೋ?”

“ತಮ್ಮ ಕೈ ಮುಟ್ಟಿದ ಮೇಲೆ ಸ್ವಾಮಿ.”

ಮಾಲೀಕರು ಕರಡನ್ನು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ಓದಿದರು. ಆಮೇಲೆ ಐದನೆಯ ಸಾಲಿನ ಮೇಲೆ ಬೆರಳಿಟ್ಟರು.

“ಇಲ್ಲಿ ಕುರ್ಚಿಗೆ ಯಾಕೆ ಏನೂ ಇಲ್ಲ? ಅದರ ಮೇಲೆ ಕೂತವನೂ ನಾನೇ ಅಲ್ಲವೇನಯ್ಯಾ?”

“ಆ ಸಾಲಿನಲ್ಲಿ ಜಾಗ ಉಳಿದಿರಲಿಲ್ಲ ಸ್ವಾಮಿ.”

“ಇನ್ನೊಂದು ಸಾಲು ಬೆಳೆಸು. ಯಾರು ಬೇಡ ಅಂದರು?”

ಕಂಪೋಸಿಟರನ ಕೆಲಸ ಉಳಿಯಿತು. ಆ ವಾರ ಅಚ್ಚಾದ ವರದಿಯಲ್ಲಿ ಸಾಲುಗಳು ಹದಿನಾಲ್ಕು, ಗೌರವ ಪದಗಳು ಹತ್ತೊಂಬತ್ತು.