ಯಾರೂ ಬರಲ್ಲ ಎಂದ ಮಗು

"ಬುದ್ಧಿ, ದೇವರು ಬಾಯಿ ಬಿಟ್ಟು ಹೇಳುವುದಿಲ್ಲ. ಅವನ ಮನಸ್ಸಿನಲ್ಲಿ ಏನಿದೆ ಎಂದು ನಮ್ಮಂಥವರು ತಿಳಿಯುವುದು ಹೇಗೆ?"

ಮಠದಲ್ಲಿ ನಮ್ಮೆಲ್ಲರ ನಡುವೆ ಗುರುಗಳನ್ನು ಹೀಗೆ ಕೇಳಿದವನು ಗುರುಮಲ್ಲಪ್ಪ. ಕಿರಾಣಿ ಅಂಗಡಿಯವನು, ಮಠಕ್ಕೆ ನಡೆದುಕೊಳ್ಳುವವನು, ಒಳ್ಳೆಯವನು. ಇಬ್ಬರು ಹೆಣ್ಣುಮಕ್ಕಳ ತಂದೆ. ಹೆಂಡತಿ ಮತ್ತೆ ಬಸುರಿಯಾಗಿದ್ದಳು. ಈ ಸಲವಾದರೂ ಗಂಡುಮಗು ಆಗುವುದೇ ಎಂದು ಅವನು ಬೆಟ್ಟದ ದೇವರಲ್ಲಿ ಹೂ ಕೇಳಿದ್ದ. ದೇವರ ಮೈಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತರೂ ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಅಂದಿನಿಂದ ಅವನಿಗೆ ಅಂಗಡಿಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಹೆಂಡತಿಯೂ ಸರಿಯಾಗಿ ಉಣ್ಣುತ್ತಿಲ್ಲ, ಅವಳೂ ಆ ಹೂವಿನ ಚಿಂತೆಯನ್ನೇ ಹಚ್ಚಿಕೊಂಡಿದ್ದಾಳೆ ಎಂದ. ಬೇರೆ ದೇವರಲ್ಲಿ ಕೇಳಲೇ, ಇಲ್ಲ ತಾವೇ ಒಂದು ಮಾತು ಹೇಳುವಿರಾ ಎಂದು ಕೈಮುಗಿದು ಕೂತ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರ. ಮನೆಯಲ್ಲಿ ತಾಯಿ, ಹೆಂಡತಿ, ನಾಲ್ಕು ವರ್ಷದ ಮಗಳು, ಇನ್ನೂ ನೆಟ್ಟಗೆ ನಡೆಯಲು ಬಾರದ ಮಗ. ಹೆಂಡತಿಗೆ ಮತ್ತೆ ದಿನ ತುಂಬುತ್ತಿತ್ತು. ನೇಕಾರ ಮಗ್ಗದಿಂದ ಸೀರೆ ಇಳಿಸುವುದು ನಿಧಾನ, ಮಕ್ಕಳ ವಿಷಯದಲ್ಲಿ ಮಾತ್ರ ಬಹಳ ಚುರುಕು ಎಂದು ಬೀದಿಯ ಹೆಂಗಸರು ನಗೆಯಾಡುತ್ತಿದ್ದರು. ಅವನು ಕೇಳಿಸಿದರೂ ಕೇಳಿಸದವನಂತೆ ಲಾಳಿ ಎಸೆಯುತ್ತಿದ್ದ. ಒಳಗೊಳಗೆ ಅವನಿಗೂ ನಗು.

ಆ ಮನೆ ನಡೆಯುತ್ತಿದ್ದುದು ಹೀಗೆ. ಹೆಂಡತಿ ರಾಟೆಯ ಮುಂದೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವಳು. ಹುಡುಗ ನೂಲಿಗೆ ಕೈಹಾಕಿ ಗೋಜಲು ಮಾಡುತ್ತಾನೆಂದು ಅವನ ಸೊಂಟಕ್ಕೆ ಹಳೆಯ ಸೀರೆಯ ತುಂಡು ಕಟ್ಟಿ ಕಂಬಕ್ಕೆ ಬಿಗಿಯುವಳು. ಹುಡುಗಿಯ ಹೆಸರು ಹೊನ್ನಿ. ಅವ್ವ ಸುತ್ತಿದ ಕಂಡಿಕೆಯನ್ನು ಅಪ್ಪನ ಕೈಗೆ ಮುಟ್ಟಿಸುವುದು ಅವಳ ಕೆಲಸ. ಒಂದೊಂದು ಸಲ ಅರ್ಧ ದಾರಿಯಲ್ಲಿ ಮರೆತು ಕಂಡಿಕೆಗೆ ಲಾಲಿ ಹೇಳುತ್ತ ಕೂತುಬಿಡುವಳು. ಅಪ್ಪ ಕೂಗುವನು, ಅವಳು ಓಡುವಳು. ಮನೆಗೆ ಅದೊಂದು ಆಟ, ಅದೇ ಬದುಕು.

ಬಸುರಿಯ ಮನೆಯಲ್ಲಿ ಚಿಕ್ಕ ಮಗುವಿದ್ದರೆ ನಮ್ಮ ಜನ ಸುಮ್ಮನೆ ಬಿಡುವುದಿಲ್ಲವಷ್ಟೆ. ಅವ್ವನ ಹೊಟ್ಟೆಯಲ್ಲಿರುವುದು ತಮ್ಮನೋ ತಂಗಿಯೋ ಎಂದು ಕೇಳುತ್ತಾರೆ. ಕಪಟವರಿಯದ ಬಾಯಿ, ಅದರಲ್ಲಿ ದೇವರು ನುಡಿಯುತ್ತಾನೆ ಎಂದು ನಂಬುತ್ತಾರೆ. ಹೊನ್ನಿಯನ್ನೂ ಕೇಳಿದರು. ಬೆಲ್ಲ ಕೊಟ್ಟವರಿಗೆ ತಮ್ಮ ಎಂದಳು, ಕಡಲೆ ಕೊಟ್ಟವರಿಗೆ ತಂಗಿ ಎಂದಳು. ಏನೂ ಕೊಡದ ಒಬ್ಬಳಿಗೆ ಮೇಕೆಮರಿ ಎಂದಳಂತೆ.

ಅಜ್ಜಿಗೆ ಇದು ಸರಿಬರಲಿಲ್ಲ. ಬೀದಿಯಲ್ಲಿ ತಿಂಡಿ ತೋರಿಸಿ ಕೇಳಿದರೆ ದೇವರು ಯಾಕೆ ನುಡಿದಾನು, ಕೇಳುವಂತೆ ಕೇಳಬೇಕು ಎಂದಳು. ಒಂದು ಸೋಮವಾರ ಹುಡುಗಿಗೆ ತಲೆಗೆ ಎರೆದು, ಹಣೆಗೆ ವಿಭೂತಿ ಹಚ್ಚಿ, ಬರಿಹೊಟ್ಟೆಯಲ್ಲಿ ದೇವರ ಗೂಡಿನ ಮುಂದೆ ಕೂರಿಸಿದಳು. ನೇಕಾರ ಮಗ್ಗದಿಂದ ಎದ್ದು ಬಂದ. ಹೆಂಡತಿ ಬಾಗಿಲಿಗೆ ಒರಗಿ ನಿಂತಳು.

ಇದು ದೇವರ ಮುಂದೆ ಆಡುವ ಮಾತು, ಹುಡುಗಾಟವಲ್ಲ, ಇಲ್ಲಿ ನೀನು ಏನು ಹೇಳುತ್ತೀಯೋ ಅದೇ ಆಗುತ್ತದೆ ಎಂದು ಅಜ್ಜಿ ತಿಳಿಸಿ ಹೇಳಿದಳು. ನಾನು ಹೇಳಿದ್ದೇ ಆಗ್ತದಾ ಎಂದು ಹುಡುಗಿ ಕೇಳಿದಳು. ಆಗ್ತದೆ ಎಂದಳು ಅಜ್ಜಿ. ಹುಡುಗಿ ದೇವರನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಕೈಮುಗಿದು ಹೇಳಿದಳು.

"ಯಾರೂ ಬರಲ್ಲ."

ಅಜ್ಜಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಮಾತು ಆಗಲೇ ಆಚೆ ಬಂದಿತ್ತು. ತಮ್ಮ ಅನ್ನು, ತಂಗಿ ಅನ್ನು ಎಂದು ನೇಕಾರ ಬೆಲ್ಲದ ಅಚ್ಚನ್ನೇ ತಂದು ಮುಂದಿಟ್ಟ. ಹುಡುಗಿ ಬೆಲ್ಲ ನೋಡಿದಳು, ತಲೆ ಅಲ್ಲಾಡಿಸಿದಳು. ಬೆಲ್ಲವನ್ನೂ ಬಿಟ್ಟು ಹೇಳಿದಳೆಂದರೆ ಇದು ದೇವರ ಮಾತೇ ಸರಿ ಎಂದು ಮೂವರಿಗೂ ಅನ್ನಿಸಿತು.

ಅಂದಿನಿಂದ ಆ ಮನೆಯ ಹದ ಕೆಟ್ಟಿತು. ಹೊಟ್ಟೆಯ ಕೂಸು ಉಳಿಯುವುದಿಲ್ಲ ಎಂದು ದೇವರು ಮುಂದಾಗಿ ತಿಳಿಸಿದ್ದಾನೆ ಎಂದುಕೊಂಡರು. ಬಾಯಿಬಿಟ್ಟು ಯಾರೂ ಆಡಲಿಲ್ಲ. ನೇಕಾರ ಮಗ್ಗ ನಿಲ್ಲಿಸಿ ಗುಡಿಯಿಂದ ಗುಡಿಗೆ ತಿರುಗಿದ. ಹರಕೆ ಹೊತ್ತ, ತಾಯಿತ ತಂದ, ಮಂತ್ರಿಸಿದ ನಿಂಬೆಹಣ್ಣು ತಂದು ಬಾಗಿಲಿಗೆ ಕಟ್ಟಿದ. ಹೆಂಡತಿ ರಾಟೆಯ ಮುಂದೆ ಸುಮ್ಮನೆ ಕೂತಿರುವಳು. ಹೊಟ್ಟೆಯಲ್ಲಿ ಕೂಸು ಮಿಸುಕಿದರೆ ಇದೇ ಕೊನೆಯದೇನೋ ಎಂದು ಅಂಜುವಳು. ಮಿಸುಕದಿದ್ದರೆ ಇನ್ನೂ ಅಂಜುವಳು.

ಅಜ್ಜಿ ತನಗೆ ತಿಳಿದ ಉಪಾಯ ಮಾಡಿದಳು. ಆ ಬಾಯಿ ಮತ್ತೊಂದು ಕೆಟ್ಟ ಮಾತು ಆಡುವ ಮೊದಲು ಹುಡುಗಿಯನ್ನು ಬಸುರಿಯಿಂದ ದೂರ ಇಡಬೇಕು ಎಂದಳು. ಹೊನ್ನಿಗೆ ಹಿತ್ತಲ ಕೋಣೆಯಲ್ಲಿ ಊಟ, ಅಜ್ಜಿಯ ಮಗ್ಗುಲಲ್ಲಿ ಹಾಸಿಗೆ. ಅವ್ವನ ಹತ್ತಿರ ಹೋಗುವಂತಿಲ್ಲ, ಅವ್ವನೊಡನೆ ಮಾತಾಡುವಂತಿಲ್ಲ. ಆ ಮುದುಕಿ ಕೆಟ್ಟವಳಲ್ಲ. ಹುಡುಗಿಯ ತಲೆ ಬಾಚುವಳು, ಕೈತುತ್ತು ಹಾಕುವಳು, ಕದ್ದು ಕಣ್ಣೊರೆಸಿಕೊಳ್ಳುವಳು. ಆದರೂ ಬಿಡಲಿಲ್ಲ. ಅಪರೂಪಕ್ಕೆ ಮಗ್ಗಕ್ಕೆ ಕೂತ ದಿನ, ಕಂಡಿಕೆ ಕೊಡುವವರಿಲ್ಲದೆ ನೇಕಾರ ತಾನೇ ಎದ್ದು ಬಂದು ತೆಗೆದುಕೊಳ್ಳುತ್ತಿದ್ದ. ಹುಡುಗಿ ಅಳಲಿಲ್ಲ, ಹಟ ಮಾಡಲಿಲ್ಲ. ಬರಬರುತ್ತಾ ಮಾತನ್ನೇ ಬಿಟ್ಟಳು. ನೋಡಿದಿರಾ, ದೇವರು ನುಡಿದು ಹೋದ ಮೇಲೆ ಆ ಬಾಯಿ ಮುಚ್ಚಿಕೊಂಡಿತು ಎಂದಳು ಅಜ್ಜಿ. ಮನೆಯವರ ಭಯ ಮತ್ತಷ್ಟು ಗಟ್ಟಿಯಾಯಿತು.

ಒಂದು ಮಧ್ಯಾಹ್ನ ನೇಕಾರ ದೂರದ ಗುಡಿಯೊಂದಕ್ಕೆ ಹೋಗಿದ್ದ. ಅಜ್ಜಿ ಪಕ್ಕದ ಮನೆಯಲ್ಲಿದ್ದಳು. ಹುಡುಗ ಕಂಬದ ಬುಡದಲ್ಲೇ ನಿದ್ದೆಹೋಗಿದ್ದ. ತಾಯಿ ತಲೆಯೆತ್ತಿ ನೋಡಿದರೆ ನಡುಮನೆಯ ಹೊಸಿಲಿನಾಚೆ ಹೊನ್ನಿ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಬಾ ಎಂದಳು ತಾಯಿ. ಹುಡುಗಿ ಕದಲಲಿಲ್ಲ. ತಾಯಿ ಕೈಚಾಚಿದಳು. ಹುಡುಗಿ ಹೊಸಿಲು ನೋಡಿದಳು, ಹಿತ್ತಲ ಬಾಗಿಲು ನೋಡಿದಳು, ಓಡಿ ಬಂದು ಅವಳ ತೊಡೆಯ ಮೇಲೆ ಉಳಿದಿದ್ದ ಇಷ್ಟೇ ಜಾಗದಲ್ಲಿ ಮುದುರಿ ಕೂತಳು. ಮಗಳ ಬಿಸಿಯುಸಿರು ಎದೆಗೆ ಬಡಿಯಿತು. ತಾಯಿಗೆ ಅದುವರೆಗೆ ಅದುಮಿಟ್ಟ ಮಾತು ತಡೆಯಲಾಗಲಿಲ್ಲ.

"ಅವತ್ತು ದೇವರ ಮುಂದೆ ಹಾಗೆ ಯಾಕೆ ಅಂದೆ, ಮಗಳೇ?"

"ತಮ್ಮ ಬರೋವಾಗ ನೀನು ಹೊರಟುಹೋದೆ. ಯಾರೂ ಬರದಿದ್ರೆ ನೀನು ಇಲ್ಲೇ ಇರ್ತೀಯ."

ತಾಯಿಗೆ ಆಗ ನೆನಪಾಯಿತು. ಹಿಂದಿನ ಬಾಣಂತನಕ್ಕೆ ಅವಳು ತವರಿಗೆ ಹೋಗಿದ್ದಳು. ಹೊರಡುವ ಹೊತ್ತಿಗೆ ಹೊನ್ನಿಗೆ ಮೈಮೇಲೆ ಸಿಡುಬಿನ ಗುಳ್ಳೆ ಎದ್ದಿತ್ತು, ಕರೆದೊಯ್ಯುವಂತಿರಲಿಲ್ಲ. ಎಚ್ಚರವಿದ್ದರೆ ಅಳುತ್ತದೆಂದು, ಮಗು ನಿದ್ದೆಯಲ್ಲಿರುವಾಗಲೇ ತಾಯಿಯನ್ನು ಗಾಡಿ ಹತ್ತಿಸಿದ್ದರು. ತಿಂಗಳುಗಳು ಕಳೆದ ಮೇಲೆ ಅವಳು ಹಿಂತಿರುಗಿದಾಗ ಮಡಿಲಲ್ಲಿ ಬೇರೆ ಕೂಸಿತ್ತು. ಅಂದಿನಿಂದ, ಅಜ್ಜಿ ತನ್ನ ಮಗ್ಗುಲಿಗೆ ಕರೆದೊಯ್ಯುವವರೆಗೂ, ಮಗಳು ರಾತ್ರಿ ಅವ್ವನ ಸೆರಗನ್ನು ಕೈಗೆ ಸುತ್ತಿಕೊಂಡು ಮಲಗುತ್ತಿದ್ದಳು. ಎಲ್ಲರೂ ಅದನ್ನು ಅಭ್ಯಾಸ ಎಂದುಕೊಂಡಿದ್ದರು.

ಈಗಿನದು ಮೂರನೆಯ ಹೆರಿಗೆ. ಇದು ಗಂಡನ ಮನೆಯಲ್ಲೇ ಆಗಲಿ ಎಂದು ದೊಡ್ಡವರೆಲ್ಲ ಕೂತು ಎಂದೋ ತೀರ್ಮಾನಿಸಿದ್ದರು. ಬೀಗರಿಗೂ ಹೇಳಿಕಳುಹಿಸಿದ್ದರು. ಬೀದಿಗೆಲ್ಲ ಗೊತ್ತಿತ್ತು. ಆ ಹುಡುಗಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ತಾಯಿ ಹೇಳಿದಳು. ನಾನು ಎಲ್ಲಿಗೂ ಹೋಗುವುದಿಲ್ಲ, ಕೂಸು ಇದೇ ಮನೆಗೆ ಬರುತ್ತದೆ, ನೀನು ಆ ಬಾಗಿಲ ಹೊರಗೆ ಅಜ್ಜಿಯ ಜೊತೆ ಕೂತಿರು, ಮೊದಲು ಕರೆಯುವುದು ನಿನ್ನನ್ನೇ ಎಂದಳು. ಹುಡುಗಿ ಅದನ್ನು ಇನ್ನೊಮ್ಮೆ ಹೇಳಿಸಿದಳು. ಮತ್ತೂ ಒಮ್ಮೆ ಹೇಳಿಸಿದಳು. ಆಮೇಲೆ ಮಡಿಲಿನಿಂದ ಇಳಿದು ನೆಟ್ಟಗೆ ದೇವರ ಗೂಡಿನ ಮುಂದೆ ಹೋಗಿ, ಅಜ್ಜಿ ಅಂದು ಕೂರಿಸಿದ ಜಾಗದಲ್ಲೇ ಕೂತು ಕೈಮುಗಿದಳು.

"ಹಾಗಾದ್ರೆ ಬರಲಿ."

ಅಷ್ಟು ಹೇಳಿ ಎದ್ದು ಬಂದು, ಹಸಿವು ಎಂದಳು. ತಾಯಿ ಒಂದೇ ತಟ್ಟೆಯಲ್ಲಿ ಅನ್ನ ಕಲಸಿ ಅವಳಿಗೊಂದು ತುತ್ತು ಕೊಟ್ಟು ತಾನೊಂದು ತುತ್ತು ಉಂಡಳು. ಎಷ್ಟೋ ದಿನದ ಮೇಲೆ ಅವಳಿಗೂ ಅನ್ನ ರುಚಿಸಿತು.

ಪಕ್ಕದ ಮನೆಯಿಂದ ಬಂದ ಅಜ್ಜಿ, ಒಂದೇ ತಟ್ಟೆಯ ಮುಂದೆ ಕೂತವರನ್ನು ಕಂಡು ಗದರಲು ಬಾಯಿ ತೆರೆದಳು. ಸೊಸೆ ನಡೆದುದನ್ನು ಹೇಳಿದಳು. ಮುದುಕಿ ಅಲ್ಲೇ ಕುಕ್ಕರಿಸಿದಳು. ಅಯ್ಯೋ ನನ್ನ ಕೂಸೇ, ನಿನ್ನಿಂದ ಅವ್ವನನ್ನು ಕಿತ್ತಿಟ್ಟವಳು ನಾನೇ ಆದೆನಲ್ಲ ಎಂದು ಹುಡುಗಿಯ ಪಾದ ಹಿಡಿದುಕೊಂಡಳು. ಅಜ್ಜಿ ಕಾಲಿಗೆ ಕಚಗುಳಿ ಇಡುತ್ತಿದ್ದಾಳೆಂದು ಹುಡುಗಿ ನಕ್ಕಳು.

ಸಂಜೆ ನೇಕಾರ ಬಂದ. ಕೈಯಲ್ಲಿ ಇನ್ನೊಂದು ತಾಯಿತ. ಹೆಂಡತಿ ಎಲ್ಲವನ್ನೂ ತಿಳಿಸಿದಳು. ಅವನು ಮಗ್ಗದ ಅಂಚಿಗೆ ಕೂತ. ಅವನು ದೈವಭಕ್ತ. ಅಷ್ಟು ದಿನ ಅಲೆದದ್ದು ಅವನಿಗೆ ನೋಯಲಿಲ್ಲ, ನಂಬಿದ್ದು ಸುಳ್ಳಾಯಿತೇ ಎಂದು ನೊಂದ.

"ಹಾಗಾದರೆ ಅವತ್ತು ಮಗುವಿನ ಬಾಯಲ್ಲಿ ದೇವರು ಮಾತಾಡಲಿಲ್ಲವೇ?"

"ಮಾತಾಡಿದ್ದು ದೇವರೇ ಇರಲಿ," ಎಂದಳು ಹೆಂಡತಿ. "ಯಾಕೆ ಸ್ವಾಮಿ ಹೀಗಂತೀಯ ಅಂತ ನಾವು ಕೇಳಬಹುದಿತ್ತಲ್ಲ."

ನೇಕಾರ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣನ್ನು ಬಿಚ್ಚಿದ. ಮಗಳನ್ನು ಕರೆದು, ನಾಳೆಯಿಂದ ಕಂಡಿಕೆ ಯಾರು ಕೊಡುತ್ತಾರೆ ಎಂದ. ನಾನು ಎಂದಳು. ಮರುದಿನ ಬೆಳಿಗ್ಗೆ ಆ ಮನೆಯ ಮಗ್ಗ ಸದ್ದು ಮಾಡಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಸುತ್ತ ಕೂತ ನಮ್ಮಲ್ಲಿ ಮಕ್ಕಳಿದ್ದವರು ತಮ್ಮ ತಮ್ಮ ಮನೆಯನ್ನು ನೆನೆಯುತ್ತಿದ್ದರು. ಶಿವನು ಯಾವ ಯಾವ ಬಾಯಲ್ಲಿ ನಮ್ಮ ಮುಂದೆ ಬಂದು ಕೂರುತ್ತಾನೋ, ನಾವು ಅವನನ್ನು ಎಷ್ಟು ಸಲ ಹಿತ್ತಲ ಕೋಣೆಗೆ ಕಳಿಸುತ್ತೇವೋ ಎಂದು ಒಬ್ಬ ಮುದುಕ ತನ್ನಷ್ಟಕ್ಕೆ ಅಂದುಕೊಂಡ.

ಗುರುಮಲ್ಲಪ್ಪ ಮಾತ್ರ ಮುಂದಕ್ಕೆ ಬಾಗಿ ಕೂತಿದ್ದ. ಕತೆ ಇನ್ನೂ ಮುಗಿದಿಲ್ಲವೆಂಬಂತೆ ಕಾದ. ಗುರುಗಳು ಮುಂದುವರಿಸದಿರುವುದನ್ನು ಕಂಡು ಮೆಲ್ಲಗೆ ಕೇಳಿದ.

"ಬುದ್ಧಿ, ಆಮೇಲೆ ಆಕೆಗೆ ಹುಟ್ಟಿದ್ದು ಗಂಡೋ, ಹೆಣ್ಣೋ?"

ಕೂತವರು ನಕ್ಕರು. ಗುರುಗಳು ನಗಲಿಲ್ಲ. ಅವನ ಮುಖವನ್ನು ಅಕ್ಕರೆಯಿಂದ ನೋಡಿ ಹೇಳಿದರು.

"ನಿನ್ನ ಹೆಂಡತಿ ಯಾಕೆ ಉಣ್ಣುತ್ತಿಲ್ಲ ಎಂದು ನೀನು ಯಾರನ್ನು ಕೇಳಿದೆ, ಗುರುಮಲ್ಲಪ್ಪ?"

ಗುರುಮಲ್ಲಪ್ಪ ಎದ್ದು ಕೈಮುಗಿದ. ಅಂಗಡಿಯ ದಾರಿ ಬಿಟ್ಟು ಮನೆಯ ದಾರಿ ಹಿಡಿದ.